ಬಿಳಗಿಯ ಬ್ಲಾಕು, ಚಂದಗುಳಿಯ ಹೆಡ್ಡು

ಎಣ್ಣೆ ಎಂದರೆ ಎಣ್ಣೆ, ಅದರಲ್ಲಿ ಭೇದ ಎಣಿಸಬಾರದು ಎಂಬುದು ನಮ್ಮ ಅಂದಾನಪ್ಪನ ಸಿದ್ಧಾಂತವಾಗಿತ್ತು. ಸಿದ್ಧಾಂತ ಇದ್ದವರು ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಲೋಕಕ್ಕೇನೂ ತೊಂದರೆಯಿಲ್ಲ. ಆದರೆ ಅಂದಾನಪ್ಪನ ಹತ್ತಿರ ಒಂದು ಲಾರಿಯೂ ಇತ್ತು. ೧೯೫೮ನೇ ಇಸವಿಯ ಶಿವರಾತ್ರಿಯ ಮರುದಿನ ದೇವಿಮನೆ ಘಟ್ಟದ ಬುಡದಲ್ಲಿ ಇಂಜಿನ್ನಿನ ಎಣ್ಣೆ ತಳ ಕಂಡಿದೆ ಎಂದು ಗೊತ್ತಾದಾಗ, ಆತ ಹತ್ತಿರದ ಅಂಗಡಿಯಿಂದ ಎರಡು ಡಬ್ಬಿ ಹೊನ್ನೆ ಎಣ್ಣೆ ತಂದು ಒಳಗೆ ಸುರಿದ. ಹೊನ್ನೆ ಎಣ್ಣೆ ನಮ್ಮ ಕಡೆ ದೀಪಕ್ಕೆ ಹಾಕುವಂಥದು. ದೀಪ ಉರಿಸುವ ಎಣ್ಣೆ ಇಂಜಿನ್ ಉರಿಸಲಾರದೇ ಎಂದು ಆತನ ತರ್ಕ. ತರ್ಕ ಸರಿಯಾಗಿಯೇ ಇತ್ತು, ಇಂಜಿನ್ನು ಉರಿದುಹೋಯಿತು.

ಘಟ್ಟದ ಅರ್ಧಕ್ಕೆ ಬರುವಷ್ಟರಲ್ಲಿ ಢಮಾರ್ ಎಂದು ಒಂದು ಸದ್ದು. ಇಳಿದು ನೋಡಿದರೆ ಒಳಗಿನ ಕಬ್ಬಿಣದ ರಾಡೊಂದು ಬ್ಲಾಕಿನ ಹೊಟ್ಟೆ ಸೀಳಿಕೊಂಡು ಹೊರಗೆ ಬಂದಿದೆ, ಮೇಲಿನ ಹೆಡ್ಡು ಉದ್ದಕ್ಕೂ ಬಿರುಕು ಬಿಟ್ಟಿದೆ. ಲಾರಿಯ ಗಂಧ ಇಲ್ಲದವರಿಗಾಗಿ ಹೇಳುತ್ತೇನೆ: ಇಂಜಿನ್ನಿನ ಕೆಳಗಿನ ದೊಡ್ಡ ಮೈಗೆ ಬ್ಲಾಕು ಎನ್ನುತ್ತಾರೆ, ಅದರ ಮೇಲೆ ಮುಚ್ಚಳದ ಹಾಗೆ ಕೂರುವುದಕ್ಕೆ ಹೆಡ್ಡು. ಎರಡೂ ಸೇರಿದರೆ ಇಂಜಿನ್ನು, ಬೇರೆ ಬೇರೆ ಇದ್ದರೆ ಗುಜರಿ.

ನಾನು ಶಿರಸಿಯ ಮಾಮಲೇದಾರ ಕಚೇರಿಯ ಮುಂದೆ ಅರ್ಜಿ ಬರೆದುಕೊಡುವವ. ಮುಲ್ಕಿ ಪರೀಕ್ಷೆ ಪಾಸಾದವನೆಂದು, ಮೇಲಾಗಿ ಪಕ್ಕದ ಮನೆಯವನೆಂದು, ಅಂದಾನಪ್ಪ ಮರುದಿನ ಬೆಳಿಗ್ಗೆ ಒಂದು ನೋಟೀಸು ಹಿಡಿದುಕೊಂಡು ನನ್ನ ಬಳಿ ಬಂದ. ಹೊಸ ಮೈಸೂರು ರಾಜ್ಯದ ಮೋಟಾರು ಇನ್ಸ್‌ಪೆಕ್ಟರು ಮೇ ತಿಂಗಳ ಹನ್ನೆರಡಕ್ಕೆ ಶಿರಸಿಗೆ ಬರುತ್ತಾರೆ, ಅಂದು ಸದರಿ ಲಾರಿಯನ್ನು ಚಾಲೂ ಸ್ಥಿತಿಯಲ್ಲಿ ತೋರಿಸದಿದ್ದರೆ ಪರ್ಮಿಟ್ ರದ್ದು ಎಂದು ಅದರಲ್ಲಿತ್ತು.

ರದ್ದಾದರೆ ಮುಂದೇನು ಎಂಬುದೂ ನಿಗದಿಯಾಗಿತ್ತು. ಅಂದಾನಪ್ಪನ ಹೆಂಡತಿ ಗುರುಶಾಂತವ್ವನ ಅಣ್ಣ ಮಧುಕೇಶ್ವರ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟವನು. ತಂಗಿಯ ಗಂಡ ಹಳೇ ಲಾರಿಯ ಕೆಳಗೆ ಮಲಗಿ ಮೈಯೆಲ್ಲ ಮಸಿ ಮಾಡಿಕೊಳ್ಳುವುದು ಅವನಿಗೆ ಮರ್ಯಾದೆಯ ಪ್ರಶ್ನೆ. “ಪರ್ಮಿಟ್ ಹೋತಂದ್ರ ಸೀದಾ ನನ್ನ ಅಂಗಡಿಗೆ ಬರ್ರಿ. ತಕ್ಕಡಿ ಹಿಡದ ಕೂಡ್ರಿ, ನೆರಳಿರತೈತಿ,” ಎಂದು ಹೇಳಿಟ್ಟಿದ್ದ. ಗುರುಶಾಂತವ್ವನೂ “ಅಣ್ಣ ಹೇಳೂದ್ರಾಗ ತಪ್ಪೇನೈತಿ?” ಎಂದಿದ್ದಳು.

“ಇಪ್ಪತ್ತ ವರ್ಷ ಲಾರಿ ಅಂದಾನಪ್ಪ ಅನಿಸ್ಕೊಂಡೀನ್ರಿ ರೈಟರ್ರ,” ಎಂದ ಅಂದಾನಪ್ಪ. “ಇನ್ನ ಬೆಲ್ಲದ ಮುಂದ ಕೂತು ನೊಣಾ ಹೊಡೀಲೇನು? ಅದರಕಿಂತ ಸಾಯೂದ ಚೊಲೊ. ಇಂಜಿನ್ ಪಾತಾಳದಾಗಿದ್ರೂ ತರ್ತೀನಿ.”

ಪಾತಾಳಕ್ಕೆ ಹೋಗುವ ಕೆಲಸ ಬೀಳಲಿಲ್ಲ, ಬಿಳಗಿಗೆ ಹೋದರೆ ಸಾಕಿತ್ತು. ಲಾರಿ ೧೯೩೮ರ ಶವರ್ಲೆಟ್. ಅದೇ ಮಾದರಿಯ ಒಂದು ಇಂಜಿನ್ನು ಬಿಳಗಿಯ ಹೆಗಡೆ ಸಹೋದರರ ಅಕ್ಕಿ ಗಿರಣಿ ಓಡಿಸುತ್ತಿತ್ತು ಎಂದು ಮಿಸ್ತ್ರಿ ಶಂಕ್ರಪ್ಪ ನೆನಪು ಮಾಡಿಕೊಂಡ. “ಓಡಿಸ್ತಿತ್ತು. ಈಗ ಹಿಸ್ಸೆ ಆಗಿದೆ,” ಎಂದೂ ಸೇರಿಸಿದ.

ಹಿಸ್ಸೆ ಎಂದರೆ ಸಾಧಾರಣ ಹಿಸ್ಸೆಯಲ್ಲ. ಒಂಬತ್ತು ವರ್ಷದ ಹಿಂದೆ ಅಣ್ಣ ರಘುಪತಿ ಹೆಗಡೆ, ತಮ್ಮ ತಿಮ್ಮಣ್ಣ ಹೆಗಡೆ ಪಂಚರನ್ನು ಕೂರಿಸಿ ಮನೆ ಪಾಲು ಮಾಡಿಕೊಂಡಿದ್ದರು. ಸೌಟಿಗೆ ಸೌಟು, ಮಣೆಗೆ ಮಣೆ. ಇದ್ದ ಒಂದೇ ಬೆಕ್ಕು ಪಂಚರ ಮುಖ ನೋಡಿ ತಾನಾಗಿಯೇ ಊರು ಬಿಟ್ಟಿತಂತೆ. ಗಿರಣಿಯ ಇಂಜಿನ್ನನ್ನು ಒಬ್ಬನಿಗೆ ಬಿಡಲು ಇನ್ನೊಬ್ಬ ಒಪ್ಪಲಿಲ್ಲ. ಕೊನೆಗೆ ಪಂಚರು ಬ್ಲಾಕು ಅಣ್ಣನಿಗೆ, ಹೆಡ್ಡು ಮತ್ತು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರು ತಮ್ಮನಿಗೆ ಎಂದು ತೀರ್ಪು ಕೊಟ್ಟರು. ನಡುವೆ ಹನ್ನೆರಡು ಕಬ್ಬಿಣದ ಕಡ್ಡಿಗಳಿದ್ದವು, ಆರು ಆಚೆ, ಆರು ಈಚೆ. ಪಾಲಿನ ಪಾತ್ರೆಗಳಿಗೆ ಹೆಸರು ಕೊರೆಯಲು ಬಂದಿದ್ದವನ ಕೈಯಲ್ಲೇ ಇಬ್ಬರೂ ತಮ್ಮ ತಮ್ಮ ಕಬ್ಬಿಣಕ್ಕೂ ಹೆಸರು ಹಾಕಿಸಿಕೊಂಡರು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ನಾವು ಸಿದ್ದಾಪುರದ ಬಸ್ಸು ಹಿಡಿದು ಬಿಳಗಿಗೆ ಹೋದೆವು. ರಘುಪತಿ ಹೆಗಡೆಯವರ ಜಗಲಿಯಲ್ಲಿ ವಿಷಯಕ್ಕೆ ಬರಬೇಕಾದರೆ ಮೊದಲು ಆಸ್ರಿಗೆ ಕುಡಿಯಬೇಕು, ಆಮೇಲೆ ಎಲೆಯಡಿಕೆಯ ಕವಳ ಹಾಕಬೇಕು, ಆಮೇಲೆ ಅಡಿಕೆ ಧಾರಣೆ ಮಾತಾಡಬೇಕು, ಆಮೇಲೆ ಮತ್ತೆ ಕವಳ. ಮೂರನೇ ಕವಳಕ್ಕೆ ಬಾಯಿ ಸುಟ್ಟುಕೊಂಡ ಅಂದಾನಪ್ಪ ಕೈಸನ್ನೆಯಲ್ಲೇ ಇಂಜಿನ್ ಕೇಳಿದ. ಹೆಗಡೆಯವರು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಬ್ಲಾಕಿಗೆ ಒಂದು ಕರು ಕಟ್ಟಿತ್ತು.

“ಕೊಡ್ತೆ,” ಎಂದರು ಹೆಗಡೆಯವರು. “ಆದ್ರೆ ಒಂದು ಮಾತು. ಅಂವನ ಹೆಡ್ಡು ಯನ್ನ ಬ್ಲಾಕಿನ ಮೇಲೆ ಕೂರಲಾಗ.”

“ಯಾರ ಹೆಡ್ಡ್ರಿ?” ಎಂದು ಅಂದಾನಪ್ಪ ಕೇಳಿಯೇಬಿಟ್ಟ. ನಾನು ಅವನ ಕಾಲು ತುಳಿದೆ, ತಡವಾಗಿತ್ತು.

“ತಮ್ಮ ಹೇಳಿ ಹುಟ್ಟಿದ್ನಲ, ಅಂವಂದು! ಚಂದಗುಳಿಲಿ ಹೆಂಡ್ತಿ ಬದಿ ಜಮೀನಲ್ಲಿ ಕೂತಿದ್ದ. ಆನು ಹಿರಿಯಂವ. ಅಂವ ಯನ್ನ ತಲೆ ಮೇಲೆ ಕೂತ್ಗಂಡ್ರೆ ಲೋಕ ಎಂತ ಹೇಳ್ತು?”

“ಹೌದ್ರಿ. ಕೂಡಬಾರದ್ರಿ,” ಎಂದ ಅಂದಾನಪ್ಪ. ಯಾರು ಏನು ಹೇಳಿದರೂ ಹೌದ್ರಿ ಎನ್ನುವುದು ಅವನ ಹುಟ್ಟುಗುಣ.

“ಹೆಡ್ಡು ಎಲ್ಲಿಂದ ತರ್ತ್ರಿ ಹಂಗಾರೆ?”

“ಹುಬ್ಬಳ್ಳಿಯಿಂದ್ರೀ.”

“ಕವಳದ ಬಟ್ಟಲು ಮುಟ್ಟಿ ಹೇಳಿ.”

ಅಂದಾನಪ್ಪ ಮುಟ್ಟಿ ಹೇಳಿದ. ಒಳಗಿನಿಂದ ಹೆಗಡೆಯವರ ಹೆಂಡತಿ ಸೀತಕ್ಕ, “ಅದ್ನ ಕೊಟ್ರೆ ಕರು ಎಲ್ಲಿ ಕಟ್ಟವು?” ಎಂದು ಕೂಗಿದರು. ಅಂದಾನಪ್ಪ ತಾನೇ ಒಂದು ಗೂಟ ಕಡಿದು ತಂದು ಹುಗಿದು, ಕರು ಕಟ್ಟಿ, ಬ್ಲಾಕನ್ನು ಚಕ್ಕಡಿಗೆ ಏರಿಸಿದ.

ಹುಬ್ಬಳ್ಳಿಯ ಪೇಟೆಯಲ್ಲಿ ಅಂಥ ಹೆಡ್ಡು ಇರಲಿಲ್ಲ. ಶಂಕ್ರಪ್ಪ ಮೂರು ಕಾಗದ ಬರೆಸಿದ, ನಾನೇ ಬರೆದುಕೊಟ್ಟೆ. ಮೂರಕ್ಕೂ ಇಲ್ಲವೆಂದೇ ಉತ್ತರ. ಅಂದಾನಪ್ಪ ಒಂದು ದಿನ ಊಟ ಬಿಟ್ಟು ಯೋಚಿಸಿದ. ಆಣೆ ಮಾಡಿದ್ದೇನೆ, ಮುರಿಯುವಂತಿಲ್ಲ. ಹೆಡ್ಡು ಇರುವುದು ಚಂದಗುಳಿಯಲ್ಲಿ, ಬಿಡುವಂತಿಲ್ಲ. ಮರುದಿನ ಸಂಜೆ ನನ್ನ ಮನೆಗೆ ಬಂದಾಗ ಅವನ ಮುಖ ಬೆಳಗುತ್ತಿತ್ತು.

“ರೈಟರ್ರ, ಹೆಡ್ಡು ಹುಬ್ಬಳ್ಳಿಯಿಂದ ತರ್ತೀನಿ ಅಂದೀನಿ. ಹುಬ್ಬಳ್ಳ್ಯಾಗ ಹುಟ್ಟಿದ್ದ ತರ್ತೀನಿ ಅಂದಿಲ್ಲಲ್ರಿ?”

“ಅಂದ್ರೆ?”

“ಚಂದಗುಳಿಯಿಂದ ಹುಬ್ಬಳ್ಳಿಗೆ ಒಯ್ಯೂದು, ಹುಬ್ಬಳ್ಳಿಯಿಂದ ಶಿರಸಿಗೆ ತರೂದು. ಆಣೆ ಎಲ್ಲಿ ಮುರೀತ್ರಿ?”

ಇಪ್ಪತ್ತು ವರ್ಷ ಕಚೇರಿಯ ಮುಂದೆ ಕೂತಿದ್ದೇನೆ, ಇಂಥ ವಾದವನ್ನು ವಕೀಲರ ಬಾಯಲ್ಲೂ ಕೇಳಿರಲಿಲ್ಲ.

ಯಲ್ಲಾಪುರದ ಬಸ್ಸಿಳಿದು ಚಂದಗುಳಿಗೆ ನಡೆದೆವು. ತಿಮ್ಮಣ್ಣ ಹೆಗಡೆಯವರು ಅಣ್ಣನಷ್ಟು ಬಿರುಸಿನವರಲ್ಲ, ನಗುತ್ತಲೇ ಚುಚ್ಚುವವರು. “ಹೆಡ್ಡು ಕೊಡ್ಲಕ್ಕು. ಆದ್ರೆ ಬಿಳಗಿ ಬ್ಲಾಕಿನ ಮೇಲೆ ಹಾಕಲಾಗ. ಕೆಳಗಿದ್ದಂವ ಭಾರ ಎಲ್ಲ ಆನೇ ಹೊತ್ತೆ ಹೇಳಿ ಊರಿಡೀ ಹೇಳ್ಕ್ಯಂಡು ತಿರುಗ್ತ. ನಿಮ್ಮ ಬ್ಲಾಕು ಎಲ್ಲಿದು?”

“ಹುಬ್ಬಳ್ಳೀದ್ರಿ,” ಎಂದ ಅಂದಾನಪ್ಪ. ನಾನು ತುಳಿಯಬೇಕೆಂದಿದ್ದ ಕಾಲನ್ನು ಅವನು ಮೊದಲೇ ಹಿಂದಕ್ಕೆ ಎಳೆದುಕೊಂಡಿದ್ದ.

ತಿಮ್ಮಣ್ಣ ಹೆಗಡೆಯವರು ಅಷ್ಟಕ್ಕೇ ಬಿಡಲಿಲ್ಲ. ಅಲ್ಲೇ ಇದ್ದ ಘಂಟಿಗಣೇಶನ ಗುಡಿಗೆ ಕರೆದುಕೊಂಡು ಹೋಗಿ ಘಂಟೆ ಬಾರಿಸಿ ಹೇಳಿಸಿದರು. ಅಂದಾನಪ್ಪ ಘಂಟೆಯನ್ನು ಎಷ್ಟು ಜೋರಾಗಿ ಬಾರಿಸಿದನೆಂದರೆ ಆತ ಏನು ಹೇಳಿದನೆಂದು ಗಣೇಶನಿಗೂ ಕೇಳಿಸಿರಲಿಕ್ಕಿಲ್ಲ.

ಆಮೇಲೆ ಹೆಡ್ಡು ನೋಡಲು ಉಗ್ರಾಣಕ್ಕೆ ಹೋದರೆ, ಅದು ಮಾವಿನಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟ ದೊಡ್ಡ ಮರಿಗೆಯ ಹಲಗೆಯ ಮೇಲೆ ಭಾರಕ್ಕೆ ಕೂತಿತ್ತು. ತಿಮ್ಮಣ್ಣ ಹೆಗಡೆಯವರ ಹೆಂಡತಿ ಪರಿಮಳಾ ಬಾಗಿಲಿಗೆ ಅಡ್ಡ ನಿಂತರು. “ಮಿಡಿ ಇಳಿಯದ್ದೆ ಭಾರ ತೆಗೆಯಲೆ ಆಗ್ತಿಲ್ಲೆ. ಇನ್ನೂ ಇಪ್ಪತ್ತು ದಿನ ಬೇಕು.”

“ಅಷ್ಟ ದಿನಾ ಇಲ್ರೀ ಅವ್ವಾರ!”

“ಹಂಗಾರೆ ಅಷ್ಟೇ ಭಾರದ್ದು ಬೇರೆ ತಂದು ಇಡಿ.”

ಅಂದಾನಪ್ಪ ಶಿರಸಿಗೆ ವಾಪಸಾಗಿ, ಮರುದಿನ ತನ್ನ ಮನೆಯ ಒರಳನ್ನು ಗುಂಡಿನ ಸಮೇತ ಹೊತ್ತು ಬಸ್ಸು ಹತ್ತಿದ. ಆ ದಿನ ಗುರುಶಾಂತವ್ವ ಚಟ್ನಿ ಅರೆಯಲು ಹೋಗಿ ಖಾಲಿ ಮೂಲೆ ನೋಡಿ ಬೀದಿಗೆ ಬಂದಳು. “ರೈಟರ್ರ, ನನ್ನ ಒಳ್ಳು ಎಲ್ಲಿ?” ಎಂದು ನನ್ನನ್ನೇ ಕೇಳಿದಳು. ಯಲ್ಲಾಪುರದಲ್ಲಿ ಉಪ್ಪಿನಕಾಯಿ ಮೇಲಿದೆ ಎಂದರೆ ಯಾರು ನಂಬುತ್ತಾರೆ? ನಾನು ಕಚೇರಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಹೆಡ್ಡು ತನ್ನ ಕಾರ್ಬೊರೇಟರಿನ ಸಮೇತ ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಯಿತು. ಬಸ್ ನಿಲ್ದಾಣದಲ್ಲಿ ಅದನ್ನು ನೆಲಕ್ಕಿಟ್ಟು, ಅಂದಾನಪ್ಪ ಒಂದು ಕಪ್ ಚಹಾ ಕುಡಿದು, ಮತ್ತೆ ಹೊತ್ತುಕೊಂಡು ಶಿರಸಿ ಬಸ್ಸು ಹತ್ತಿದ. ಅಷ್ಟಕ್ಕೆ ಮುಗಿಯಿತೇ? ಎರಡನೇ ಆಣೆಯೂ ಇತ್ತಲ್ಲ. ಒಂದು ವಾರ ಬಿಟ್ಟು ಬ್ಲಾಕೂ ಯಾರದೋ ಲಾರಿಯಲ್ಲಿ ಹುಬ್ಬಳ್ಳಿ ನೋಡಿಕೊಂಡು ಬಂತು. ನಾಲ್ಕು ಹಮಾಲರು ಅದನ್ನು ಇಳಿಸಿ, ಹುಬ್ಬಳ್ಳಿಯ ನೆಲ ಮುಟ್ಟಿಸಿ, ಮತ್ತೆ ಏರಿಸಿದರು. ಯಾಕೆ ಇಳಿಸಿದ್ದು, ಯಾಕೆ ಏರಿಸಿದ್ದು ಎಂದು ಅವರು ಕೇಳಿದರಂತೆ. “ಧರ್ಮದ ಕೆಲಸ,” ಎಂದನಂತೆ ಅಂದಾನಪ್ಪ.

ಇನ್ನು ಶಂಕ್ರಪ್ಪನ ಸರದಿ. ಕರುವಿನ ಸಗಣಿ, ಮಿಡಿಯ ಉಪ್ಪು ಎರಡನ್ನೂ ಕೆರೆದು ತೆಗೆಯುವುದಕ್ಕೇ ನಾಲ್ಕು ದಿನ ಹಿಡಿಯಿತು. ಬೇರಿಂಗಿಗೆ ಬಿಳಿ ಲೋಹ ಕರಗಿಸಿ ಹೊಯ್ದು, ಕೂದಲೆಳೆಯಷ್ಟು ಹೆಚ್ಚಿದ್ದನ್ನು ಕೈಯಲ್ಲೇ ಕೆರೆದ. ಹನ್ನೆರಡು ವಾಲ್ವುಗಳನ್ನು ಪೇಸ್ಟು ಹಚ್ಚಿ ಅಂದಾನಪ್ಪನೇ ತಿಕ್ಕಿದ. ಅಂಗೈ ಬೊಕ್ಕೆ ಎದ್ದರೂ ಬಿಡಲಿಲ್ಲ, ಬಟ್ಟೆ ಸುತ್ತಿಕೊಂಡು ತಿಕ್ಕಿದ. ಎರಡು ಕಡೆಯ ಆರಾರು ಕಡ್ಡಿ ತಂದು ಜೋಡಿಸಿದಾಗ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಪಂಚರ ಲೆಕ್ಕಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಬ್ಲಾಕಿನ ಮೇಲಿದ್ದ ‘ರ.ಹೆ.’, ಹೆಡ್ಡಿನ ಮೇಲಿದ್ದ ‘ತಿ.ಹೆ.’ ಎರಡಕ್ಕೂ ದಪ್ಪ ಹಸಿರು ಬಣ್ಣ ಬಳಿದರು. ಮುಂದೆ ಹ್ಯಾಂಡಲ್ ಹಾಕಿ ಎಷ್ಟು ತಿರುಗಿಸಿದರೂ ಇಂಜಿನ್ನು ಜಗ್ಗಲಿಲ್ಲ. ಇಳಿಜಾರಿನಲ್ಲಿ ದಬ್ಬಿದಾಗ ಮಾತ್ರ ಹೊತ್ತಿಕೊಂಡಿತು. ಹೊತ್ತಿದ್ದೇ ಹಬ್ಬ ಎಂದು ನಾವೆಲ್ಲ ಕುಣಿದೆವು.

ಮೇ ಹನ್ನೆರಡರ ಬೆಳಿಗ್ಗೆ ಪ್ರವಾಸಿ ಬಂಗಲೆಯ ಮುಂದಿನ ಬಯಲಿಗೆ ಲಾರಿಯನ್ನು ದಬ್ಬಿ ತಂದು ನಿಲ್ಲಿಸಿದೆವು. ಸಿದ್ದಾಪುರದ ಬಸ್ಸಿನಿಂದ ಕೊಡೆ ಹಿಡಿದ ಒಬ್ಬರು ಇಳಿದು ಬರುವುದು ಕಂಡಿತು. ರಘುಪತಿ ಹೆಗಡೆ! ಅಷ್ಟರಲ್ಲಿ ಯಲ್ಲಾಪುರದ ಕಡೆಯಿಂದಲೂ ಒಂದು ಕೊಡೆ ಬರುತ್ತಿತ್ತು.

“ಅಂದಾನಪ್ಪಾ, ಇವರನ್ನ ಕರೆದದ್ದು ಯಾರು?”

“ನಾನ ಕರದೀನ್ರಿ. ಇಷ್ಟ ಉಪಕಾರ ಮಾಡ್ಯಾರ.”

“ಇಬ್ಬರನ್ನೂ?”

“ಒಬ್ಬರನ್ನ ಕರದು ಇನ್ನೊಬ್ಬರನ್ನ ಬಿಟ್ರ ಚೊಲೊ ಕಾಣ್ತದೇನ್ರಿ?”

ನಾನು ತಲೆಯ ಮೇಲೆ ಕೈ ಹೊತ್ತೆ.

ರಘುಪತಿ ಹೆಗಡೆಯವರು ಬಾನೆಟ್ಟಿನೊಳಗೆ ಬಗ್ಗಿ, ಬ್ಲಾಕನ್ನು ಮೊಮ್ಮಗನ ಬೆನ್ನು ಸವರಿದ ಹಾಗೆ ಸವರಿದರು. ಬಣ್ಣದ ಕೆಳಗೆ ತಮ್ಮ ಹೆಸರು ಬೆರಳಿಗೆ ಸಿಕ್ಕಿ ಸಂತೋಷವಾಯಿತು. ಬೆರಳು ಹಾಗೇ ಮೇಲಕ್ಕೆ ಹೋಯಿತು. ಅಲ್ಲಿ ಇನ್ನೊಂದು ಹೆಸರು. ಅದೇ ಹೊತ್ತಿಗೆ ಆ ಕಡೆಯಿಂದ ತಿಮ್ಮಣ್ಣ ಹೆಗಡೆಯವರ ಬೆರಳು ಮೇಲಿನಿಂದ ಕೆಳಕ್ಕೆ ಬರುತ್ತಿತ್ತು.

“ಹುಬ್ಬಳ್ಳಿ ಹೆಡ್ಡಾ ಇದು?” ಎಂದು ಅಣ್ಣ ಗುಡುಗಿದರು.

“ಹುಬ್ಬಳ್ಳಿ ಬ್ಲಾಕಾ ಇದು?” ಎಂದು ತಮ್ಮ ಕೂಗಿದರು.

“ಎರಡೂ ಹುಬ್ಬಳ್ಳಿಯಿಂದನ ಬಂದಾವ್ರಿ, ದೇವರಾಣಿ!” ಎಂದ ಅಂದಾನಪ್ಪ.

“ಅಂವಂಗೆ ಹೇಳು ಹೆಡ್ಡು ತೆಗಿ ಹೇಳಿ!”

“ಅಂವಂಗೆ ಹೇಳು ಬ್ಲಾಕು ತೆಗಿ ಹೇಳಿ!”

ಇಬ್ಬರ ನಡುವೆ ಎರಡು ಮೊಳ ಅಂತರ. ಆದರೂ ಮಾತೆಲ್ಲ ಅಂದಾನಪ್ಪನ ಮುಖಾಂತರವೇ ಹೋಗಬೇಕು. ಊರ ಜನ ಸೇರಿತು. ಮಧುಕೇಶ್ವರನೂ ತಂಗಿಯನ್ನು ಕರೆದುಕೊಂಡು ಬಂದಿದ್ದ. ಪರ್ಮಿಟ್ ರದ್ದಾದ ಗಳಿಗೆಯಲ್ಲೇ ಅಂದಾನಪ್ಪನನ್ನು ಅಂಗಡಿಗೆ ಕರೆದೊಯ್ಯುವ ಏರ್ಪಾಡು. ಆಗ ಇನ್ಸ್‌ಪೆಕ್ಟರು ಬಂದರು.

“ಏನ್ರೀ ಇದು ಸಂತೆ? ಚಾಲೂ ಮಾಡಿ. ದಬ್ಬೋ ಹಾಗಿಲ್ಲ, ಹ್ಯಾಂಡಲ್ ಹಾಕಿ.”

ಅಂದಾನಪ್ಪ ತಿರುಗಿಸಿದ. ಶಂಕ್ರಪ್ಪ ತಿರುಗಿಸಿದ. ಇಬ್ಬರೂ ಸೇರಿ ತಿರುಗಿಸಿದರು. ಇಂಜಿನ್ನು ಒಂದು ಸಲ ಕೆಮ್ಮುವುದಕ್ಕೂ ಒಪ್ಪಲಿಲ್ಲ. ಇನ್ಸ್‌ಪೆಕ್ಟರು ಪೆನ್ನಿನ ಟೋಪಿ ತೆಗೆದರು. “ಬ್ಲಾಕೇ ಸತ್ತಿದೆ ಕಣ್ರೀ. ಗುಜರಿಗೆ ಹಾಕಿ.”

“ಯಾರ ಬ್ಲಾಕು ಸತ್ತಿದ್ದು?” ರಘುಪತಿ ಹೆಗಡೆಯವರು ಕೊಡೆ ಎಸೆದು, ಪಂಚೆ ಮೇಲಕ್ಕೆ ಕಟ್ಟಿ, ಹ್ಯಾಂಡಲ್ ಕಸಿದುಕೊಂಡರು. “ಬ್ಲಾಕು ಸರಿ ಇದ್ದು. ಕಾರ್ಬೊರೇಟರು ಹಾಳು ಹೇಳಿ ಅಂವಂಗೆ ಹೇಳು!”

“ಕಾರ್ಬೊರೇಟರು ಹಾಳಾ?” ತಿಮ್ಮಣ್ಣ ಹೆಗಡೆಯವರು ಬಂಪರ್ ಹತ್ತಿ ಕಾರ್ಬೊರೇಟರಿನ ಬಾಯಿಗೆ ಅಂಗೈ ಮುಚ್ಚಿದರು. “ತಿರುಗ್ಸು ಹೇಳು ಅಂವಂಗೆ!”

ಗಿರಣಿಯಲ್ಲಿ ದಿನಾ ಹೀಗೇ ಚಾಲೂ ಮಾಡುತ್ತಿದ್ದರಂತೆ. ಕಾರ್ಬೊರೇಟರಿನಲ್ಲಿ ಗಾಳಿ ತಡೆಯುವ ತಗಡು ಯಾವಾಗಲೋ ಮುರಿದುಹೋಗಿತ್ತು. ಒಬ್ಬ ತಿರುಗಿಸುವಾಗ ಇನ್ನೊಬ್ಬ ಅಂಗೈಯಿಂದ ಅದರ ಬಾಯಿ ಮುಚ್ಚಿ, ಇಂಜಿನ್ನು ಕೆಮ್ಮಿದ ಕೂಡಲೇ ಅರ್ಧ ಬಿಡಬೇಕು. ಮೂರನೇ ಸುತ್ತಿಗೆ ಇಂಜಿನ್ನು ಘರ್ಜಿಸಿತು. ಜನ ಸಿಳ್ಳೆ ಹಾಕಿದರು. ಅಂದಾನಪ್ಪ ಅತ್ತೇಬಿಟ್ಟ.

ಆದರೆ ಇನ್ಸ್‌ಪೆಕ್ಟರು ಕಾನೂನಿನ ಮನುಷ್ಯ. “ಇವರ್ಯಾರು? ನಿಮ್ಮ ಲಾರಿಯೋರಾ?”

“ಅಲ್ರಿ ಸಾಹೇಬ್ರ. ಬಿಳಗಿಯವರು, ಚಂದಗುಳಿಯವರು.”

“ಹಾಗಾದ್ರೆ ಬಂದ್ ಮಾಡಿ. ನಿಮ್ಮೋರೇ ಚಾಲೂ ಮಾಡಿ ತೋರ್ಸಿ.”

ಅಂದಾನಪ್ಪ ಬಂದ್ ಮಾಡಿದ. ಅಣ್ಣ ತಮ್ಮ ಇಬ್ಬರಿಗೂ ಒಮ್ಮೆಲೇ ತಮ್ಮ ಕೋಪ ನೆನಪಾಗಿ, ಕೊಡೆ ಹುಡುಕಿಕೊಂಡು ಒಬ್ಬರು ಈ ಕಡೆ, ಒಬ್ಬರು ಆ ಕಡೆ ಸರಿದು ನಿಂತರು. ಶಂಕ್ರಪ್ಪ ಕಾರ್ಬೊರೇಟರಿನ ಮೇಲೆ ಕೈಯಿಟ್ಟು ನೋಡಿದ. ಪೂರ್ತಿ ಮುಚ್ಚಿ ಪೆಟ್ರೋಲು ಉಕ್ಕಿಸಿದ, ಪೂರ್ತಿ ಬಿಟ್ಟು ಉಸಿರು ಆರಿಸಿದ. ಐದು ಸಲ ಆಯಿತು. ಆಗದ ಕೆಲಸ ಎಂದು ಇಳಿದುಬಿಟ್ಟ.

“ಹೆಗಡೇರ, ತಪ್ಪ ಮಾಡೀನ್ರಿ,” ಎಂದ ಅಂದಾನಪ್ಪ, ಇಬ್ಬರ ಕಡೆಗೂ ತಿರುಗಿ. “ಹುಬ್ಬಳ್ಳಿ ನೆಲಾ ಮುಟ್ಟಿಸೀನಿ ಖರೆ, ಆದ್ರೂ ಸುಳ್ಳು ಸುಳ್ಳ. ಇದೊಂದ ಬಿಟ್ರ ನನಗ ಬ್ಯಾರೆ ಏನೂ ಬರೂದಿಲ್ರಿ.” ಮತ್ತೆ ಯಾರ ಉತ್ತರಕ್ಕೂ ಕಾಯದೆ ಹ್ಯಾಂಡಲ್ ಹಿಡಿದ. ಒಬ್ಬನೇ ತಿರುಗಿಸುವುದು, ಓಡಿಹೋಗಿ ಕಾರ್ಬೊರೇಟರು ಮುಚ್ಚುವುದು, ಅಷ್ಟರಲ್ಲಿ ಇಂಜಿನ್ನಿನ ಸುತ್ತು ನಿಲ್ಲುವುದು, ಮತ್ತೆ ಓಡಿಬಂದು ತಿರುಗಿಸುವುದು. ಏಳು ಸಲ ಹೀಗೆ ಓಡಿದ. ಎಂಟನೆಯ ಸಲಕ್ಕೆ ಕಾಲು ಎಡವಿ ಮೊಣಕಾಲೂರಿದ.

“ಸಾಕ ಬಿಡ್ರಿ ಅಂದಾನಪ್ಪನವ್ರ,” ಎಂದ ಮಧುಕೇಶ್ವರ. “ಗಳಿಗಿ ಚೊಲೊ ಐತಿ, ಅಂಗಡಿಗೆ ನಡೀರಿ.”

“ಅಣ್ಣಾ, ಈ ಚೀಲಾ ಹಿಡಿ,” ಎಂದಳು ಗುರುಶಾಂತವ್ವ.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನರನ್ನು ಸರಿಸಿ, ಬಂಪರ್ ಹತ್ತಿ ಕಾರ್ಬೊರೇಟರಿನ ಮೇಲೆ ಅಂಗೈಯಿಟ್ಟಳು. ಅಂದಾನಪ್ಪ ಕೂತಲ್ಲಿಂದಲೇ ಬಾಯಿ ತೆರೆದು ನೋಡಿದ.

“ನಿನಗ ಬರ್ತೈತೇನು?”

“ಇಪ್ಪತ್ತ ವರ್ಷ ಹಸಿ ಕಟಗಿ ಒಲಿ ಹಚ್ಚೀನಿ. ಯಾವಾಗ ಎಷ್ಟ ಗಾಳಿ ಕೊಡಬೇಕಂತ ನನಗ ಗೊತ್ತಿಲ್ಲೇನು? ಏಳ್ರಿ, ತಿರುಗಸ್ರಿ!”

ಅಂದಾನಪ್ಪ ಎದ್ದ. ತಿರುಗಿಸಿದ. ಇಂಜಿನ್ನು ಕೆಮ್ಮಿತು.

“ಅರ್ಧ ಬಿಡು ತಂಗೀ!” ಎಂದು ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು, ಒಂದೇ ಉಸಿರಿಗೆ ಕೂಗಿದರು. ಅವಳು ಆಗಲೇ ಬಿಟ್ಟಿದ್ದಳು. ಇಂಜಿನ್ನು ಹೊತ್ತಿಕೊಂಡು, ಹಸಿರು ಬಣ್ಣವೆಲ್ಲ ಬಿಸಿಯಾಗಿ ಹೊಗೆಯಾಡಿ, ಚಕ್ಕೆ ಎದ್ದು ಉದುರಿ, ಎರಡೂ ಹೆಸರು ಊರಿಗೆಲ್ಲ ಕಾಣಿಸಿದವು.

ಇನ್ಸ್‌ಪೆಕ್ಟರು ಪುಸ್ತಕ ಬಿಡಿಸಿದರು. “ಪಾಸು. ಕ್ಲೀನರ್ ಹೆಸರೇನು?”

ಅಂದಾನಪ್ಪ ಹೆಂಡತಿಯ ಮುಖ ನೋಡಿದ. ಮದುವೆಯಾದಂದಿನಿಂದ ನಾಲ್ಕು ಜನರ ಮುಂದೆ ಅವಳ ಹೆಸರು ಹಿಡಿದವನಲ್ಲ. “ಗುರುಶಾಂತವ್ವ ಅಂತ ಬರ್ಕೊರ್ರಿ,” ಎಂದ, ಬಯಲಿಗೆಲ್ಲ ಕೇಳುವ ಹಾಗೆ.

“ಕ್ಲೀನರ್ ಅಲ್ರಿ ಸಾಹೇಬ್ರ,” ಎಂದಳು ಅವಳು. “ಪಾಲುದಾರಳು ಅಂತ ಬರೀರಿ. ನಂದೂ ಪಾಲೈತಿ.”

ಪಾಲು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅಣ್ಣ ತಮ್ಮ ಇಬ್ಬರೂ ಓಡಿಬಂದರು.

“ಪಾಲು ಮಾತ್ರ ಬ್ಯಾಡ ತಂಗಿ,” ಎಂದರು ರಘುಪತಿ ಹೆಗಡೆ. ದನಿ ಇಳಿದಿತ್ತು. “ಮಾಡಿದ್ರೆ ಎಂತ ಆಗ್ತು ಹೇಳಿ ಯಂಗಕ್ಕೆ ಗೊತ್ತಿದ್ದು.”

“ಒಂಬತ್ತು ವರ್ಷ ಗಿರಣಿ ನಿಂತು ಹೋತು,” ಎಂದರು ತಿಮ್ಮಣ್ಣ ಹೆಗಡೆ. ಅಣ್ಣನ ಮಾತಿಗೆ ಅವರು ಮಾತು ಸೇರಿಸಿದ್ದು ಇಬ್ಬರಿಗೂ ಒಮ್ಮೆಗೇ ಗೊತ್ತಾಗಿ, ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡಿದರು.

ಗುರುಶಾಂತವ್ವ ಮಸಿ ಕೈಯನ್ನು ಗಂಡನ ಅಂಗಿಗೆ ಒರೆಸಿ ಕ್ಯಾಬಿನ್ನಿನ ಬಾಗಿಲು ತೆಗೆದಳು. “ಒಡಕೊಳ್ಳೂದು ನಮಗ ಬ್ಯಾಡ್ರಿ. ನನ್ನ ಪಾಲು ಈ ಸೀಟು. ಇದರಾಗ ಒಂದ ದಿನಾನೂ ಕುಂಡ್ರಿಸಿಕೊಂಡು ಹೋಗಿಲ್ಲ ಇವರು.”

ಅಂದಾನಪ್ಪ ಓಡಿಹೋಗಿ ಸೀಟಿನ ಮೇಲಿದ್ದ ಪಾನಾ, ಡಬ್ಬಿ, ಚಿಂದಿ ಎಲ್ಲವನ್ನೂ ಎರಡೂ ಕೈಯಲ್ಲಿ ಬಾಚಿ ಕೆಳಗೆ ಹಾಕಿ, ತನ್ನ ಟವಲು ಹಾಸಿ, ಹೆಂಡತಿಗೆ ಜಾಗ ಮಾಡಿಕೊಟ್ಟ.